ಎದೆಯ ಟ್ಯೂಬು, ಮಂಚದ ಕೆಳಗಿನ ಬಾಟಲಿ: ಶ್ವಾಸಕೋಶದ ಆಪರೇಷನ್ ಆದವರ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

14 ವರ್ಷದಿಂದ ಎದೆ ಆಪರೇಷನ್ ವಾರ್ಡಿನಲ್ಲಿ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿಯಲ್ಲಿ ಜಾಸ್ತಿ ಕೇಳಿಸುವ ಮಾತು ಇದೇ: "ಸಿಸ್ಟರ್, ಸ್ವಲ್ಪ ಬನ್ನಿ, ಬಾಟಲಿಯಲ್ಲಿ ಏನೋ ಆಗ್ತಿದೆ." ಹೋಗಿ ನೋಡಿದರೆ ಬಹಳ ಸಲ ಏನೂ ಆಗಿರುವುದಿಲ್ಲ, ಬಾಟಲಿ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿರುತ್ತದೆ. ಅಪರೂಪಕ್ಕೆ ಒಮ್ಮೆ ಮಾತ್ರ ಓಡಬೇಕಾಗುತ್ತದೆ. ಯಾವುದಕ್ಕೆ ಕೂಗಬೇಕು, ಯಾವುದಕ್ಕೆ ಬೇಡ ಅಂತ ಪೇಷೆಂಟ್ ಜೊತೆಗಿರುವ ಮನೆಯವರಿಗೆ ಗೊತ್ತಿದ್ದರೆ ಅವರಿಗೂ ಎರಡು ಗಂಟೆ ನಿದ್ದೆ ಸಿಗುತ್ತದೆ. ಅದಕ್ಕೇ ವಾರ್ಡಿನಲ್ಲಿ ಕೇಳಿದ ಪ್ರಶ್ನೆಗಳನ್ನು ಕೇಳಿದ ಹಾಗೇ ಇಟ್ಟು ಉತ್ತರ ಬರೆದಿದ್ದೇನೆ. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ. ಎದೆಯೊಳಗೆ ಏನಿತ್ತು ಅಂತ ಕಣ್ಣಾರೆ ಕಂಡವರು ಅವರು.

ಆಪರೇಷನ್ ಮುಗೀತಲ್ಲ, ಇನ್ನೂ ಯಾಕೆ ಈ ಪೈಪು?

ಶ್ವಾಸಕೋಶವನ್ನು ಎದೆಗೂಡಿಗೆ ಯಾರೂ ಹೊಲಿದಿಟ್ಟಿಲ್ಲ. ಎರಡರ ನಡುವೆ ನುಣುಪಾದ ಎರಡು ಪೊರೆಗಳಿವೆ. ಆ ಪೊರೆಗಳ ನಡುವೆ ಎರಡು ಮೂರು ಚಮಚದಷ್ಟು ದ್ರವ ಇರುತ್ತದೆ. ಒದ್ದೆ ಗಾಜಿನ ಮೇಲೆ ಇನ್ನೊಂದು ಗಾಜು ಇಟ್ಟರೆ ಎತ್ತಲು ಬಾರದಂತೆ ಕಚ್ಚಿಕೊಳ್ಳುತ್ತದಲ್ವಾ, ಹಾಗೆ ಶ್ವಾಸಕೋಶ ಎದೆಗೂಡಿಗೆ ಕಚ್ಚಿಕೊಂಡಿರುತ್ತದೆ. ಎದೆಗೂಡು ಹಿಗ್ಗಿದಾಗ ಅದೂ ಹಿಗ್ಗುತ್ತದೆ.

ಆ ಪೊರೆಗಳ ನಡುವೆ ಗಾಳಿ ಹೊಕ್ಕರೆ ಹಿಡಿತ ಬಿಟ್ಟು ಶ್ವಾಸಕೋಶ ಮುದುಡಿಕೊಳ್ಳುತ್ತದೆ. ಆಪರೇಷನ್‌ಗೆ ಎದೆ ತೆರೆದ ಮೇಲೆ ಗಾಳಿ ಹೋಗದೆ ಇರುತ್ತದೆಯೇ? ಜೊತೆಗೆ ಕತ್ತರಿಸಿದ ಜಾಗದಿಂದ ಒಂದಿಷ್ಟು ಗಾಳಿ ಸೋರುತ್ತದೆ, ರಕ್ತ ಮತ್ತು ನೀರು ಜಿನುಗುತ್ತವೆ. ಇವೆಲ್ಲ ಹೊರಗೆ ಹೋಗಲು ಒಂದು ದಾರಿ ಬೇಕು. ಗೆಡ್ಡೆಗಾಗಿ ಶ್ವಾಸಕೋಶದ ಒಂದು ಭಾಗ ತೆಗೆದಿರಲಿ, ಟಿಬಿಯಿಂದ ಕೀವು ಗಟ್ಟಿಯಾಗಿ ಕಟ್ಟಿದ ಸಿಪ್ಪೆ ಬಿಡಿಸಿರಲಿ, ಸಣ್ಣ ತೂತುಗಳ ಮೂಲಕ ಕೀಹೋಲ್‌ನಲ್ಲೇ ಮಾಡಿರಲಿ, ಕೊನೆಗೆ ಪಕ್ಕೆಲುಬುಗಳ ನಡುವೆ ಒಂದು ಟ್ಯೂಬು ಬಿಟ್ಟೇ ಹೊಲಿಗೆ ಹಾಕುವುದು ರೂಢಿ. ಕೇಸ್ ಶೀಟಿನಲ್ಲಿ ಇದನ್ನು ಐಸಿಡಿ ಅಂತ ಬರೆದಿರುತ್ತಾರೆ. ಮೊದಲೆಲ್ಲ ಎರಡೆರಡು ಟ್ಯೂಬು ಇರುತ್ತಿದ್ದವು, ಈಗ ಸಾಮಾನ್ಯವಾಗಿ ಒಂದೇ. ಸಾಮಾನ್ಯವಾಗಿ ಹಾಕುವ 28 ನಂಬರಿನ ಟ್ಯೂಬು ಸುಮಾರು 9 ಮಿ.ಮೀ. ದಪ್ಪ ಇರುತ್ತದೆ. ನಿಮ್ಮ ಕಿರುಬೆರಳಿಗಿಂತ ತೆಳ್ಳಗೆ ಅಂದುಕೊಳ್ಳಿ.

ಬಾಟಲಿಗೆ ನೀರು ಯಾಕೆ ಹಾಕ್ತೀರಿ? ಎದೆಯಿಂದ ನೀರು ತೆಗೀಬೇಕು ಅಂತೀರಿ, ನೀವೇ ನೀರು ಹಾಕ್ತೀರಿ.

ಚಾಮರಾಜನಗರ ಕಡೆಯ ಒಬ್ಬ ಅಜ್ಜಿ ಕೇಳಿದ ಪ್ರಶ್ನೆ ಇದು. ಒಳ್ಳೇ ಪ್ರಶ್ನೆ. ಅವರಿಗೆ ನಾನು ಎಳನೀರಿನ ಲೆಕ್ಕ ಹೇಳಿದೆ. ಎಳನೀರಿಗೆ ಸ್ಟ್ರಾ ಹಾಕಿ ಊದಿ, ಬುಳುಬುಳು ಅಂತ ಗುಳ್ಳೆಯಾಗಿ ಗಾಳಿ ಹೊರಗೆ ಹೋಗುತ್ತದೆ. ಅದೇ ಸ್ಟ್ರಾದಲ್ಲಿ ಎಳೆಯಿರಿ, ಬಾಯಿಗೆ ಗಾಳಿ ಬರುವುದಿಲ್ಲ, ನೀರು ಬರುತ್ತದೆ. ನಮ್ಮ ಬಾಟಲಿಯಲ್ಲೂ ಟ್ಯೂಬಿನ ತುದಿ 2 ಸೆಂ.ಮೀ.ನಷ್ಟು ನೀರಿನಲ್ಲಿ ಮುಳುಗಿರುತ್ತದೆ. ಕೆಮ್ಮಿದಾಗ, ಉಸಿರು ಬಿಟ್ಟಾಗ ಎದೆಯೊಳಗಿನ ಗಾಳಿ ಗುಳ್ಳೆಯಾಗಿ ಆಚೆ ಹೋಗುತ್ತದೆ. ಉಸಿರೆಳೆದಾಗ ಹೊರಗಿನ ಗಾಳಿ ವಾಪಸ್ ಒಳಗೆ ನುಗ್ಗದ ಹಾಗೆ ನೀರು ಬಾಗಿಲು ಹಾಕುತ್ತದೆ. ಒಂದೇ ಕಡೆ ತೆರೆಯುವ ಬಾಗಿಲು, ಅಷ್ಟೇ.

"ಹಾಗಾದ್ರೆ ಎಳೆದಾಗ ನೀರು ಎದೆಗೆ ಬರಲ್ವಾ?" ಅಂತ ಅಜ್ಜಿ ತಿರುಗಿ ಕೇಳಿದರು. ಗಿಡ್ಡ ಸ್ಟ್ರಾ ಆಗಿದ್ದರೆ ಬರುತ್ತಿತ್ತು. ಮೂರು ಅಡಿ ಉದ್ದದ ಸ್ಟ್ರಾದಲ್ಲಿ ಎಳನೀರು ಹೀರಿ ನೋಡಿ, ಮಾಮೂಲಿ ಉಸಿರಿಗೆ ನೀರು ಸ್ವಲ್ಪ ಏರಿ ಇಳಿಯುತ್ತದೆ ಹೊರತು ಬಾಯಿಗೆ ಬರುವುದಿಲ್ಲ. ಬಾಟಲಿ ನೆಲದ ಹತ್ತಿರ ಇರಬೇಕು ಅನ್ನುವುದು ಇದಕ್ಕೇ.

ಈ ಉಪಾಯ ಹೊಸದೇನಲ್ಲ. ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ಗೊಟ್‌ಹಾರ್ಡ್ ಬ್ಯೂಲಾವ್ ಎಂಬ ವೈದ್ಯರು ಎದೆಯಲ್ಲಿ ಕೀವು ತುಂಬಿದವರಿಗೆ ಇದನ್ನು ಬಳಸಿ, 1891ರಲ್ಲಿ ಅದರ ಬಗ್ಗೆ ಬರೆದರು. 1918ರ ಫ್ಲೂ ಸಮಯದಲ್ಲಿ ಅಮೆರಿಕದ ಸೈನಿಕ ಶಿಬಿರಗಳಲ್ಲಿ ಎದೆಯಲ್ಲಿ ಕೀವಾದವರಿಗೆ ಬೇಗನೇ ಎದೆ ತೆರೆದು ಹಾಗೇ ಬಿಡುತ್ತಿದ್ದರು. ಗಾಳಿ ಒಳಗೆ ಹೊಕ್ಕು ತುಂಬಾ ಜನ ಸತ್ತರು. ಎದೆಯ ಟ್ಯೂಬು ಗಾಳಿಗೆ ಮುಚ್ಚಿರಬೇಕು ಅನ್ನುವ ಪಾಠ ಗಟ್ಟಿಯಾದದ್ದು ಆಗ.

ಪೈಪಿನಲ್ಲಿ ನೀರು ಮೇಲೆ ಕೆಳಗೆ ಆಡ್ತಿದೆ. ಏನಾದ್ರೂ ಹೆಚ್ಚು ಕಡಿಮೆ ಆಯ್ತಾ?

ಇಲ್ಲ, ಆಡಬೇಕು. ಉಸಿರೆಳೆದಾಗ ಏರುತ್ತದೆ, ಬಿಟ್ಟಾಗ ಇಳಿಯುತ್ತದೆ. ರೌಂಡ್ಸ್‌ಗೆ ಬಂದ ಡಾಕ್ಟರು "ಕಾಲಂ ಮೂವ್ ಆಗ್ತಿದ್ಯಾ?" ಅಂತ ಕೇಳುವುದು ಇದನ್ನೇ. ಟ್ಯೂಬು ತೆರೆದಿದೆ ಅನ್ನುವುದಕ್ಕೆ ಇದೇ ಸಾಕ್ಷಿ. ಸಕ್ಷನ್, ಅಂದರೆ ಬಾಟಲಿಗೆ ಜೋಡಿಸಿ ಮೆಲ್ಲಗೆ ಗಾಳಿ ಎಳೆಯುವ ವ್ಯವಸ್ಥೆ, ಹಾಕಿದ್ದರೆ ಈ ಆಟ ಕಾಣದೆ ಇರಬಹುದು.

ದಿನ ಕಳೆದಂತೆ ಆಟ ಕಡಿಮೆಯಾಗಿ ನಿಂತರೆ ಶ್ವಾಸಕೋಶ ಪೂರ್ತಿ ಹಿಗ್ಗಿ ಜಾಗ ತುಂಬಿಕೊಂಡಿರಬಹುದು. ಆದರೆ ಬೆಳಗ್ಗೆ ಚೆನ್ನಾಗಿ ಆಡುತ್ತಿದ್ದದ್ದು ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತರೆ ಮೊದಲು ಟ್ಯೂಬಿನ ಉದ್ದಕ್ಕೂ ಕಣ್ಣಾಡಿಸಿ. ಪೇಷೆಂಟ್ ಅದರ ಮೇಲೇ ಮಲಗಿದ್ದಾರಾ? ಮಂಚದ ಕಂಬಿಗೆ ಸಿಕ್ಕಿ ಮಡಿಚಿದೆಯಾ? ಸರಿ ಮಾಡಿದ ಮೇಲೂ ಆಡದಿದ್ದರೆ ಕರೆಯಿರಿ. ಒಳಗೆ ರಕ್ತದ ಗರಣೆ ಕಟ್ಟಿರಬಹುದು.

ಗುಳ್ಳೆ ಬರ್ತಾನೇ ಇದೆ. ಒಳಗೆ ತೂತಾಗಿದ್ಯಾ?

ಒಂದರ್ಥದಲ್ಲಿ ಹೌದು. ಕತ್ತರಿಸಿ ಹೊಲಿದ ಶ್ವಾಸಕೋಶದ ಮೇಲೆ ಸೂಜಿ ಮೊನೆಯಂಥ ಜಾಗಗಳಿಂದ ಗಾಳಿ ಸೋರುತ್ತದೆ. ನಾವು ಇದನ್ನು ಏರ್ ಲೀಕ್ ಅನ್ನುತ್ತೇವೆ. ಮೊದಲೆರಡು ದಿನ ಬಹಳ ಜನರಿಗೆ ಇರುತ್ತದೆ, ಬಹುಪಾಲು ತಾನೇ ಮುಚ್ಚಿಕೊಳ್ಳುತ್ತದೆ. ಮೊದಲು ಉಸಿರುಸಿರಿಗೂ ಗುಳ್ಳೆ, ಆಮೇಲೆ ಮಾತಾಡಿದಾಗ, ಆಮೇಲೆ ಜೋರಾಗಿ ಕೆಮ್ಮಿದಾಗ ಮಾತ್ರ, ಕೊನೆಗೆ ಕೆಮ್ಮಿದರೂ ಇಲ್ಲ. ಈ ಇಳಿಕೆ ನೋಡುವುದೇ ನಮಗೊಂದು ಖುಷಿ.

ಚಿಂತೆ ಮಾಡಬೇಕಾದ್ದು ಉಲ್ಟಾ ಆದಾಗ. ನಿಂತಿದ್ದ ಗುಳ್ಳೆ ಮತ್ತೆ ಶುರುವಾದರೆ ಅಥವಾ ಮೆಲ್ಲಗೆ ಬರುತ್ತಿದ್ದದ್ದು ಕುದಿಯುವ ನೀರಿನಂತಾದರೆ ಹೇಳಿ. ಎಷ್ಟೋ ಸಲ ಸೋರಿಕೆ ಎದೆಯದ್ದಾಗಿರುವುದಿಲ್ಲ, ಟ್ಯೂಬಿನ ಜಾಯಿಂಟ್ ಸಡಿಲವಾಗಿರುತ್ತದೆ. ಅದನ್ನು ಹುಡುಕುವುದು ನಮ್ಮ ಕೆಲಸ.

ಬಾಟಲಿ ಎಲ್ಲಿಡಬೇಕು? ಮಂಚದ ಮೇಲೆ ಇಟ್ಟರೆ ಏನಾಗುತ್ತೆ?

ಯಾವಾಗಲೂ ಎದೆಗಿಂತ ಕೆಳಗೆ, ಎರಡೂವರೆ ಮೂರು ಅಡಿ ಕೆಳಗಿದ್ದರೆ ಚೆಂದ. ನೇರವಾಗಿ ನಿಂತಿರಬೇಕು. ನೆಲದ ಮೇಲೆ ಇಟ್ಟರೆ ಕಸ ಗುಡಿಸುವವರ ಪೊರಕೆ, ಬಂದ ನೆಂಟರ ಕಾಲು ತಾಗದ ಕಡೆ ಇಡಿ. ಭೇಟಿ ಸಮಯದಲ್ಲಿ ಬಾಟಲಿ ಉರುಳುವುದು ಹೀಗೇ. ಉರುಳಿದರೆ ತಕ್ಷಣ ನೆಟ್ಟಗೆ ನಿಲ್ಲಿಸಿ ಕರೆಯಿರಿ, ನೀರಿನ ಮಟ್ಟ ನಾವು ನೋಡುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಒಬ್ಬರನ್ನು ಎಕ್ಸ್‌ರೇಗೆ ಕರೆದೊಯ್ಯಬೇಕಿತ್ತು. ಸ್ಟ್ರೆಚರಿನಲ್ಲಿ ಬಾಟಲಿ ನೇತು ಹಾಕಲು ಕೊಕ್ಕೆ ಇರಲಿಲ್ಲ. ವಾರ್ಡ್ ಬಾಯ್ ಅದನ್ನು ಪೇಷೆಂಟಿನ ಎರಡು ಕಾಲಿನ ನಡುವೆ ಮಲಗಿಸಿದ. ನಾನು ಫೈಲ್ ಹಿಡಿದುಕೊಂಡು ಮುಂದೆ ನಡೆಯುತ್ತಿದ್ದೆ. ಲಿಫ್ಟಿನ ಬಾಗಿಲಲ್ಲಿ ತಿರುಗಿ ನೋಡಿದರೆ ಟ್ಯೂಬಿನಲ್ಲಿ ಕೆಂಪು ನೀರು ಎದೆಯ ಕಡೆಗೆ ಹೊರಟಿತ್ತು, ಬಾಟಲಿಯೊಳಗಿನ ಕಡ್ಡಿ (ನೀರಿನಲ್ಲಿ ಮುಳುಗಿರಬೇಕಾದ ಟ್ಯೂಬಿನ ತುದಿ) ನೀರಿನಿಂದ ಹೊರಗೆ. ಕೈ ಬೆವೆತುಹೋಯಿತು. ಬಾಟಲಿ ಕೆಳಗೆ ಇಳಿಸಿ ನೆಟ್ಟಗೆ ಹಿಡಿದೆ, ಅವರಿಗೆ ಕೆಮ್ಮಲು ಹೇಳಿದೆ, ನೀರು ವಾಪಸ್ ಇಳಿಯಿತು. ಪುಣ್ಯಕ್ಕೆ ಏನೂ ಆಗಲಿಲ್ಲ. ಅವತ್ತಿನಿಂದ ಬಾಟಲಿ ನನ್ನ ಕೈಯಲ್ಲಿ, ಫೈಲ್ ಬೇರೆಯವರ ಕೈಯಲ್ಲಿ. ನಿಮ್ಮವರನ್ನು ಸ್ಕ್ಯಾನಿಂಗಿಗೆ ಒಯ್ಯುವಾಗ ಯಾರಾದರೂ ಬಾಟಲಿ ಮಂಚದ ಮೇಲೆ ಇಟ್ಟರೆ ಧಾರಾಳವಾಗಿ ಕೇಳಿ, "ಕೆಳಗೆ ಇಡಬೇಕಲ್ವಾ?" ಅಂತ. ಯಾರಿಗೂ ಬೇಜಾರಾಗಬಾರದು.

ಇನ್ನೊಂದು ಸಣ್ಣ ವಿಷಯ. ಉದ್ದ ಇರುವ ಟ್ಯೂಬು ಮಂಚದಿಂದ ಜೋಕಾಲಿಯಂತೆ ಜೋತುಬಿದ್ದರೆ ಆ ತಗ್ಗಿನಲ್ಲಿ ನೀರು ನಿಂತು ದಾರಿ ಕಟ್ಟುತ್ತದೆ. ಹೆಚ್ಚಿನ ಉದ್ದವನ್ನು ಹಾಸಿಗೆಯ ಮೇಲೆ ಅಡ್ಡಕ್ಕೆ ಬಿಟ್ಟು, ಅಲ್ಲಿಂದ ಬಾಟಲಿಗೆ ನೇರ ಇಳಿಯುವ ಹಾಗೆ ಮಾಡಿ.

ನಡೆಯುವಾಗ ಕ್ಲಾಂಪ್ ಹಾಕಿಬಿಡಲಾ? ಚೆಲ್ಲಲ್ಲ ಅಲ್ವಾ?

ಬೇಡ, ದಯವಿಟ್ಟು ಬೇಡ. ಇದೊಂದನ್ನು ಮಾತ್ರ ನಾನು ಗದರಿಸಿಯೇ ಹೇಳುತ್ತೇನೆ. ಶ್ವಾಸಕೋಶದಿಂದ ಗಾಳಿ ಸೋರುತ್ತಿರುವಾಗ ಟ್ಯೂಬನ್ನು ಅದುಮಿ ಮುಚ್ಚುವ ಕ್ಲಾಂಪ್ ಹಾಕಿದರೆ ಗಾಳಿ ಎದೆಯೊಳಗೇ ತುಂಬುತ್ತಾ ಹೋಗುತ್ತದೆ. ಶ್ವಾಸಕೋಶವನ್ನು ಹಿಚುಕುತ್ತದೆ, ಆಮೇಲೆ ಹೃದಯವನ್ನೂ ಆಚೆ ಒತ್ತುತ್ತದೆ. ನಿಮಿಷಗಳಲ್ಲಿ ಉಸಿರುಗಟ್ಟಿ ಬಿಪಿ ಬೀಳಬಹುದು. ಬಾಟಲಿ ಕೆಳಗಿದ್ದರೆ, ನೆಟ್ಟಗಿದ್ದರೆ ಚೆಲ್ಲುವುದೂ ಇಲ್ಲ, ಕ್ಲಾಂಪ್ ಬೇಕಾಗುವುದೂ ಇಲ್ಲ. ಬಾಟಲಿ ಬದಲಿಸುವಾಗ ನಾವು ಕೆಲವು ಕ್ಷಣ ಹಾಕುತ್ತೇವೆ. ಕೆಲವು ಸರ್ಜನ್‌ಗಳು ಟ್ಯೂಬು ತೆಗೆಯುವ ಮೊದಲು ಪರೀಕ್ಷೆಗೆಂದು ಕೆಲವು ಗಂಟೆ ಹಾಕಿಸುತ್ತಾರೆ, ಆಗ ನಮ್ಮ ಕಣ್ಣು ಅಲ್ಲೇ ಇರುತ್ತದೆ.

ಒಂದು ಪೂರ್ತಿ ಶ್ವಾಸಕೋಶವನ್ನೇ ತೆಗೆದಿದ್ದರೆ ಲೆಕ್ಕವೇ ಬೇರೆ. ಆ ಕಡೆ ಹಿಗ್ಗಲು ಶ್ವಾಸಕೋಶವೇ ಇಲ್ಲ. ಖಾಲಿ ಜಾಗ ಮೆಲ್ಲಗೆ ನೀರಿನಿಂದ ತುಂಬಬೇಕು. ಅವರಿಗೆ ಟ್ಯೂಬು ಹಾಕದೆಯೂ ಇರಬಹುದು. ಹಾಕಿದ್ದರೆ ಕ್ಲಾಂಪ್ ಮಾಡಿಟ್ಟು ಗಂಟೆಗೊಮ್ಮೆ ಸ್ವಲ್ಪ ಹೊತ್ತು ತೆರೆಯುವ ಪದ್ಧತಿ ಇದೆ. ಸಕ್ಷನ್ ಅಂತೂ ಕೊಡುವುದಿಲ್ಲ, ಕೊಟ್ಟರೆ ಹೃದಯವೇ ಆ ಕಡೆ ಎಳೆದುಕೊಳ್ಳುತ್ತದೆ. ಹಾಗಾಗಿ ಪಕ್ಕದ ಬೆಡ್ಡಿನವರ ಬಾಟಲಿ ನೋಡಿ ನಿಮ್ಮದನ್ನು ಸರಿ ಮಾಡಲು ಹೋಗಬೇಡಿ.

ಟ್ಯೂಬನ್ನು ಹಿಂಡಿ ಹಿಂಡಿ ಕೆಳಗೆ ಎಳೆದರೆ ಬೇಗ ಖಾಲಿಯಾಗುತ್ತಂತೆ?

ಹಸುವಿನ ಹಾಲು ಕರೆದ ಹಾಗೆ ಟ್ಯೂಬನ್ನು ಎಳೆಯುವ ಅಭ್ಯಾಸ ಹಿಂದೆ ಆಸ್ಪತ್ರೆಗಳಲ್ಲೇ ಇತ್ತು. ಹಾಗೆ ಎಳೆದಾಗ ಒಳಗೆ 400 ಸೆಂ.ಮೀ. ನೀರಿನಷ್ಟು ಸೆಳೆತ ಉಂಟಾಗಬಹುದು. ನಾವು ಸಕ್ಷನ್ ಕೊಡುವಾಗ ಸಾಮಾನ್ಯವಾಗಿ ಇಡುವುದು 10ರಿಂದ 20 ಸೆಂ.ಮೀ. ಮಾತ್ರ. ವ್ಯತ್ಯಾಸ ನೀವೇ ನೋಡಿ. ಕೈ ಹಚ್ಚಬೇಡಿ.

ಎಷ್ಟು ಬಂತು ಅಂತ ಹೇಗೆ ಲೆಕ್ಕ ಹಾಕೋದು? ಕೆಂಪಗಿದೆ, ಭಯ ಆಗುತ್ತೆ.

ಬಾಟಲಿಗೆ ನಾವು ಮೊದಲೇ ಹಾಕಿದ ನೀರನ್ನು ಕಳೆಯಬೇಕು. ಬಾಟಲಿ ಮೇಲೆ ಅಂಟಿಸಿದ ಪ್ಲಾಸ್ಟರಿನಲ್ಲಿ ದಿನಾಂಕ, ಸಮಯ, ಗೆರೆ ಇರುತ್ತದೆ. 300 ಮಿ.ಲೀ. ನೀರು ಹಾಕಿದ್ದು ಈಗ 520 ತೋರಿಸುತ್ತಿದ್ದರೆ ಬಂದಿರುವುದು 220. ಒಬ್ಬ ಹುಡುಗ ತನ್ನ ತಂದೆಗೆ ಒಂದೇ ರಾತ್ರಿ ಅರ್ಧ ಲೀಟರ್ ರಕ್ತ ಹೋಯಿತು ಅಂತ ಊರಿಗೆಲ್ಲ ಫೋನ್ ಮಾಡಿಬಿಟ್ಟಿದ್ದ. ಬೆಳಗಾಗುವಷ್ಟರಲ್ಲಿ ಒಂದು ಜೀಪು ತುಂಬ ನೆಂಟರು ಗೇಟಿನಲ್ಲಿದ್ದರು. ಅದರಲ್ಲಿ ಮುಕ್ಕಾಲು ನಾವು ಹಾಕಿದ ನೀರು.

ಬಣ್ಣ ಮೊದಲ ದಿನ ಕೆಂಪು, ಆಮೇಲೆ ತಿಳಿಗೆಂಪು, ಆಮೇಲೆ ಹುಲ್ಲಿನ ಹಳದಿ. ನೀರಿನಲ್ಲಿ ಸ್ವಲ್ಪ ರಕ್ತ ಬೆರೆತರೂ ಬಾಟಲಿ ಪೂರ್ತಿ ಕೆಂಪಾಗಿ ಕಾಣುತ್ತದೆ. ಮೊದಲ ಸಲ ಎದ್ದು ಕೂತಾಗ ಒಳಗೆ ನಿಂತಿದ್ದ ಕಪ್ಪುಗೆಂಪು ನೀರು ಒಮ್ಮೆಗೇ ಭಕ್ ಅಂತ ಬರುವುದೂ ಉಂಟು. ತೋರಿಸಿ, ಆದರೆ ಗಾಬರಿ ಬೇಡ.

ಗಾಬರಿ ಆಗಬೇಕಾದ್ದು ಇದಕ್ಕೆ: ಹೊಸ ಕೆಂಪು ರಕ್ತ, ಮುಟ್ಟಿದರೆ ಟ್ಯೂಬು ಬಿಸಿ, ಮಟ್ಟ ಕಣ್ಣೆದುರೇ ಏರುತ್ತಿದೆ. ಗಂಟೆಗೆ 200 ಮಿ.ಲೀ.ನಂತೆ ಎರಡು ಮೂರು ಗಂಟೆ ರಕ್ತ ಹೋದರೆ ಮತ್ತೆ ಥಿಯೇಟರಿಗೆ ಒಯ್ಯುವ ಯೋಚನೆ ಸರ್ಜನ್ ಮಾಡುತ್ತಾರೆ. ನೀವು ಅಷ್ಟು ಹೊತ್ತು ಕಾಯಬೇಡಿ. ಚೆನ್ನಾಗಿ ಬರುತ್ತಿದ್ದ ರಕ್ತ ದಿಢೀರ್ ನಿಂತು, ಪೇಷೆಂಟ್ ಬಿಳುಚಿಕೊಂಡು ಬೆವೆತರೆ ಅದು ಇನ್ನೂ ಕೆಟ್ಟದ್ದು. ಟ್ಯೂಬು ಕಟ್ಟಿಕೊಂಡು ರಕ್ತ ಒಳಗೇ ಸೇರುತ್ತಿರಬಹುದು. ಹಾಗೇ, ಊಟ ಶುರು ಮಾಡಿದ ಮೇಲೆ ಬಾಟಲಿ ಹಾಲಿನಂತೆ ಬೆಳ್ಳಗಾದರೆ ತಿಳಿಸಿ. ಊಟದ ಕೊಬ್ಬನ್ನು ಒಯ್ಯುವ ನಾಳ ಎದೆಯಲ್ಲಿ ಹಾದುಹೋಗುತ್ತದೆ, ಅದಕ್ಕೆ ಪೆಟ್ಟಾದರೆ ಹೀಗಾಗುತ್ತದೆ. ಆಗ ಮಾತ್ರ ಕೊಬ್ಬಿಲ್ಲದ ಊಟ ಬೇಕು. ಕದಡಿದ ಬಣ್ಣ, ಕೆಟ್ಟ ವಾಸನೆ, ಜ್ವರ ಇದ್ದರೆ ಸೋಂಕಿನ ಅನುಮಾನ.

ಬಾಟಲಿ ಅರ್ಧ ಖಾಲಿ ಇದ್ದರೂ ನಾವು ಬದಲಿಸುವುದನ್ನು ನೋಡಿ "ಇನ್ನೂ ಜಾಗ ಇದೆಯಲ್ಲ" ಅನ್ನುತ್ತಾರೆ. ನೀರು ಏರಿದಷ್ಟೂ ಒಳಗಿನ ಕಡ್ಡಿ ಆಳಕ್ಕೆ ಮುಳುಗುತ್ತದೆ. ಅಷ್ಟು ಆಳದಿಂದ ಗಾಳಿ ಗುಳ್ಳೆಯಾಗಿ ಬರಲು ಎದೆ ಹೆಚ್ಚು ಒತ್ತಬೇಕು. ಒಂದೇ ಬಾಟಲಿಯ ಪದ್ಧತಿ ಇದ್ದರೆ ಹೀಗೆ. ಮೂರು ಕೋಣೆಗಳ ಪ್ಲಾಸ್ಟಿಕ್ ಡಬ್ಬ ಇದ್ದರೆ ದ್ರವ ಬೇರೆ ಕೋಣೆಗೆ ಬೀಳುವುದರಿಂದ ಈ ತೊಂದರೆ ಇಲ್ಲ.

ನಮ್ಮ ಬಾಟಲಿಯಲ್ಲಿ ಸ್ಕ್ರೀನ್ ಇದೆ. ಅದೇನು ತೋರಿಸುತ್ತೆ?

ಅದು ಡಿಜಿಟಲ್ ಯಂತ್ರ. ಗುಳ್ಳೆ ಎಣಿಸುವ ಬದಲು ನಿಮಿಷಕ್ಕೆ ಎಷ್ಟು ಮಿ.ಲೀ. ಗಾಳಿ ಸೋರುತ್ತಿದೆ ಅಂತ ಅಂಕಿಯಲ್ಲಿ ಹೇಳುತ್ತದೆ. ಕೆಲವು ಗಂಟೆ ಒಂದೇ ಸಮನೆ 20ಕ್ಕಿಂತ ಕೆಳಗಿದ್ದರೆ ಸೋರಿಕೆ ನಿಂತ ಹಾಗೆ ಅಂತ ಬಹಳ ಕಡೆ ಲೆಕ್ಕ. ಅನುಕೂಲ ಇದೆ, ದುಬಾರಿಯೂ ಹೌದು. ಅದು ಇಲ್ಲ ಅಂತ ಕೊರಗಬೇಕಿಲ್ಲ, ನೀರಿನ ಬಾಟಲಿ ಸಾಧಾರಣ ವಸ್ತುವಲ್ಲ.

ಟ್ಯೂಬು ಕಳಚಿಬಿದ್ದರೆ ನಾನೇನು ಮಾಡಲಿ?

ಎರಡು ಬೇರೆ ಬೇರೆ ಸಂಗತಿ, ಎರಡನ್ನೂ ನೆನಪಿಡಿ.

ಟ್ಯೂಬು ಎದೆಯಲ್ಲೇ ಇದೆ, ಬಾಟಲಿಯ ಕಡೆ ಕಳಚಿದೆ, ಅಥವಾ ಬಾಟಲಿ ಒಡೆದಿದೆ. ಆಗ ಕೂಗಿ ಕರೆಯಿರಿ, ಪೇಷೆಂಟಿಗೆ ಉಸಿರು ಹೊರಗೆ ಬಿಡಲು ಅಥವಾ ಕೆಮ್ಮಲು ಹೇಳಿ. ಬಿಚ್ಚಿದ ತುದಿ ನೆಲಕ್ಕೆ ತಾಗದಂತೆ ಹಿಡಿಯಿರಿ. ಸಿಸ್ಟರ್ ಬರುವುದು ತಡ ಆದರೆ ಕುಡಿಯುವ ನೀರಿನ ಬಾಟಲಿಯಲ್ಲಿ ತುದಿಯನ್ನು ಒಂದು ಇಂಚು ಮುಳುಗಿಸಿ, ಕೆಳಗೆ ಹಿಡಿದುಕೊಳ್ಳಿ. ತಾತ್ಕಾಲಿಕವಾಗಿ ಅದೇ ನೀರಿನ ಬಾಗಿಲು.

ಟ್ಯೂಬು ಎದೆಯಿಂದಲೇ ಈಚೆ ಬಂದಿದೆ. ಕೈಗೆ ಸಿಕ್ಕ ಶುಭ್ರ ಬಟ್ಟೆಯನ್ನು ಮಡಚಿ ಆ ತೂತಿನ ಮೇಲೆ ಒತ್ತಿ ಹಿಡಿಯಿರಿ, ಏನೂ ಸಿಗದಿದ್ದರೆ ಅಂಗೈ. ಕೂಗಿ. ಒತ್ತಿ ಹಿಡಿದ ಮೇಲೆ ಏದುಸಿರು ಜಾಸ್ತಿಯಾದರೆ ಒಂದು ಬದಿ ಸ್ವಲ್ಪ ಎತ್ತಿ ಗಾಳಿ ಹೊರಗೆ ಬಿಡಿ. ಬಿದ್ದ ಟ್ಯೂಬನ್ನು ವಾಪಸ್ ಒಳಗೆ ತೂರಿಸಲು ಹೋಗಬೇಡಿ.

ಇದು ಆಗುವುದು ಅಪರೂಪ. ಟ್ಯೂಬನ್ನು ಚರ್ಮಕ್ಕೆ ಹೊಲಿದಿರುತ್ತಾರೆ. ಆದದ್ದೆಲ್ಲ ನಾನು ಕಂಡಂತೆ ಬಾತ್‌ರೂಮಿಗೆ ಹೋಗುವ ಅವಸರದಲ್ಲಿ, ಬಾಟಲಿ ಮರೆತು ಎದ್ದಾಗ.

ನೋವು ತಡೆಯೋಕಾಗ್ತಿಲ್ಲ ಅಂತಾರೆ. ನೋವಿನ ಔಷಧಿ ಜಾಸ್ತಿ ಒಳ್ಳೇದಲ್ಲ ಅಲ್ವಾ?

ಪಕ್ಕೆಲುಬಿನ ಕೆಳಗೆ ನರ ಇದೆ, ಟ್ಯೂಬು ಅದಕ್ಕೆ ತಾಗುತ್ತಲೇ ಇರುತ್ತದೆ. ಭುಜಕ್ಕೂ ನೋವು ಹರಿಯಬಹುದು. "ನಮ್ಮಪ್ಪ ಗಟ್ಟಿ ಆಳು, ತಡ್ಕೋತಾರೆ" ಅನ್ನುವ ಮಕ್ಕಳ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನೋವಿದ್ದವರು ದೀರ್ಘ ಉಸಿರು ಎಳೆಯುವುದಿಲ್ಲ, ಕೆಮ್ಮುವುದಿಲ್ಲ. ಕಫ ಒಳಗೇ ಕೂತು ನ್ಯುಮೋನಿಯಾ ಆಗುತ್ತದೆ. ಗಟ್ಟಿತನ ತೋರಿಸಬೇಕಾದ್ದು ಕೆಮ್ಮಿನಲ್ಲಿ, ನೋವು ನುಂಗುವುದರಲ್ಲಲ್ಲ. ಮಾತ್ರೆಯೋ ಇಂಜೆಕ್ಷನ್ನೋ ಹೊತ್ತಿಗೆ ಸರಿಯಾಗಿ ತಗೊಂಡು, ಅರ್ಧ ಗಂಟೆ ಬಿಟ್ಟು ವ್ಯಾಯಾಮ ಮಾಡಿಸಿ. ಕೆಮ್ಮುವಾಗ ಒಂದು ದಿಂಬನ್ನು ಹೊಲಿಗೆಯ ಕಡೆ ಒತ್ತಿ ತಬ್ಬಿಕೊಂಡರೆ ಅರ್ಧ ನೋವು ಕಮ್ಮಿ. ಕೆಲವು ನೋವಿನ ಔಷಧಿಗೆ ಮಲಬದ್ಧತೆ ಆಗುತ್ತದೆ. ಅದನ್ನೂ ನಾಚಿಕೊಳ್ಳದೆ ಹೇಳಿ.

ಮೂರು ಚೆಂಡಿನ ಡಬ್ಬ ಊದಿ ಊದಿ ಸುಸ್ತಾಗಿದ್ದಾರೆ, ಚೆಂಡು ಏಳ್ತಾನೇ ಇಲ್ಲ.

ಊದಬಾರದು, ಎಳೆಯಬೇಕು! ಅದು ದೀರ್ಘ ಉಸಿರು ಎಳೆಯುವ ವ್ಯಾಯಾಮದ ಡಬ್ಬ. ಜಾತ್ರೆಯ ಆಟಿಕೆ ಥರ ಕಾಣುವುದರಿಂದ ಎಲ್ಲರೂ ಊದುತ್ತಾರೆ. ಒಬ್ಬ ಅಜ್ಜ ಇಡೀ ಬೆಳಗ್ಗೆ ಊದಿ, "ಇದು ಕೆಟ್ಟಿದೆ ಸಿಸ್ಟರ್, ಬೇರೆ ಕೊಡಿ" ಅಂದಿದ್ದರು. ನೆಟ್ಟಗೆ ಕೂತು, ಪೂರ್ತಿ ಉಸಿರು ಬಿಟ್ಟು, ಪೈಪನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು ನಿಧಾನಕ್ಕೆ ಒಳಗೆ ಎಳೆಯಬೇಕು. ಚೆಂಡು ಮೇಲೆ ನಿಂತಿರುವಾಗ ಎರಡು ಮೂರು ಸೆಕೆಂಡ್ ಹಿಡಿದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಮೊದಲ ದಿನ ಒಂದು ಚೆಂಡು ಎದ್ದರೂ ಸಾಕು. ತಲೆ ಸುತ್ತಿದರೆ ನಿಲ್ಲಿಸಿ.

ನಡೆಯಬಹುದಾ? ಆ ಮಗ್ಗುಲಿಗೆ ಮಲಗಬಹುದಾ?

ನಡೆಯಲೇಬೇಕು, ಬಹಳ ಜನರನ್ನು ಮರುದಿನವೇ ಎಬ್ಬಿಸುತ್ತೇವೆ. ಒಬ್ಬರು ಪೇಷೆಂಟಿನ ಕೈ ಹಿಡಿಯಲಿ, ಬಾಟಲಿ ಸೊಂಟಕ್ಕಿಂತ ಕೆಳಗೆ ಇರಲಿ. ಗಟ್ಟಿ ಹಿಡಿಕೆಯ ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ವರಾಂಡದಲ್ಲಿ ಸುತ್ತುವವರಿದ್ದಾರೆ, ಬಾಟಲಿ ಓರೆಯಾಗದಿದ್ದರೆ ಅದೂ ಸರಿ. ಸಕ್ಷನ್ ಹಾಕಿದ್ದರೆ ಬಿಚ್ಚಬಹುದಾ ಅಂತ ಮೊದಲು ಕೇಳಿ. ಮಲಗುವುದು ಯಾವ ಮಗ್ಗುಲಿಗಾದರೂ ಆದೀತು, ಟ್ಯೂಬಿನ ಎರಡೂ ಕಡೆ ಟವೆಲ್ ಸುರುಳಿ ಇಟ್ಟರೆ ಅದು ಅದುಮಿಕೊಳ್ಳುವುದಿಲ್ಲ. ಆ ಕಡೆಯ ಕೈಯನ್ನು ಎದೆಗೆ ಅಂಟಿಸಿಕೊಂಡೇ ಇದ್ದರೆ ಭುಜ ಹಿಡಿದುಹೋಗುತ್ತದೆ. ತಲೆ ಬಾಚಿಕೊಳ್ಳಲು ಅವರಿಗೇ ಬಿಡಿ, ಅದೇ ವ್ಯಾಯಾಮ. ಸ್ನಾನ ಮಾತ್ರ ಟ್ಯೂಬು ಇರುವ ತನಕ ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ.

ಬದನೆಕಾಯಿ, ಮೊಟ್ಟೆ, ಮೀನು ನಂಜು ಅಂತಾರಲ್ಲ?

ಅತ್ತೆ, ಚಿಕ್ಕಮ್ಮ, ಪಕ್ಕದ ಬೆಡ್ಡಿನವರು ಎಲ್ಲರ ಹತ್ತಿರವೂ ಒಂದೊಂದು ನಂಜಿನ ಪಟ್ಟಿ ಇರುತ್ತದೆ. ಎಲ್ಲ ಸೇರಿಸಿದರೆ ತಿನ್ನಲು ಗಂಜಿ ಬಿಟ್ಟು ಏನೂ ಉಳಿಯುವುದಿಲ್ಲ. ಗಾಯ ಕೂಡಲು ಪ್ರೋಟೀನ್ ಬೇಕು. ಬಾಟಲಿಗೆ ದಿನಾ ಹೋಗುವ ಹಳದಿ ನೀರಿನಲ್ಲೂ ಪ್ರೋಟೀನ್ ಹೋಗುತ್ತಿರುತ್ತದೆ. ಮೊಟ್ಟೆ, ಮೀನು, ಬೇಳೆ, ಮೊಸರು, ಮೊಳಕೆ ಕಾಳು, ಮನೆಯಲ್ಲಿ ತಿನ್ನುವ ಅಭ್ಯಾಸ ಇರುವುದನ್ನು ಕೊಡಿ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇದ್ದವರು ಡಯಟಿಷಿಯನ್ ಹೇಳಿದ್ದನ್ನು ಕೇಳಿ. ಬೀಡಿ ಸಿಗರೇಟು ಮಾತ್ರ ನಿಜವಾದ ನಂಜು, ಅದರ ಬಗ್ಗೆ ಚಿಕ್ಕಮ್ಮನೂ ಸುಮ್ನೆ ಇರುತ್ತಾರೆ.

ಕುತ್ತಿಗೆ ಊದಿಕೊಂಡಿದೆ, ಮುಟ್ಟಿದರೆ ಚರಚರ ಅನ್ನುತ್ತೆ.

ಸೋರಿದ ಗಾಳಿ ಚರ್ಮದ ಕೆಳಗೆ ಸೇರಿಕೊಂಡಿದೆ. ಮಂಡಕ್ಕಿ ಚೀಲ ಒತ್ತಿದ ಹಾಗೆ ಬೆರಳಿಗೆ ತಿಳಿಯುತ್ತದೆ. ಸ್ವಲ್ಪ ಇದ್ದರೆ ತಾನೇ ಇಂಗುತ್ತದೆ. ಕೂಡಲೇ ತಿಳಿಸಿ, ಯಾಕೆಂದರೆ ಟ್ಯೂಬು ಕಟ್ಟಿಕೊಂಡಿರಬಹುದು ಅಥವಾ ಸರಿದಿರಬಹುದು. ಕಣ್ಣು ಮುಚ್ಚುವಷ್ಟು ಮುಖ ಊದಿದರೆ, ದನಿ ಬದಲಾದರೆ, ಉಸಿರು ಕಟ್ಟಿದರೆ ಓಡಿ ಬಂದು ಹೇಳಿ.

ಯಾವಾಗ ತೆಗೀತೀರಿ? ತೆಗೆಯುವಾಗ ಮತ್ತೆ ಅರಿವಳಿಕೆ ಕೊಡ್ತೀರಾ?

ಮೂರು ಸಂಗತಿ ನೋಡುತ್ತಾರೆ. ಗಾಳಿ ಸೋರುವುದು ನಿಂತಿರಬೇಕು, ಎಕ್ಸ್‌ರೇಯಲ್ಲಿ ಶ್ವಾಸಕೋಶ ಹಿಗ್ಗಿರಬೇಕು, ದ್ರವ ಕಡಿಮೆಯಾಗಿರಬೇಕು. ಎಷ್ಟು ಕಡಿಮೆ ಅನ್ನುವುದರಲ್ಲಿ ಸರ್ಜನ್‌ಗಳ ನಡುವೆ ಭೇದ ಇದೆ. ದಿನಕ್ಕೆ 200ರಿಂದ 300 ಮಿ.ಲೀ. ಒಳಗೆ ಬರಲಿ ಅನ್ನುವವರು ಬಹಳ. ಬಣ್ಣ ತಿಳಿಯಾಗಿದ್ದರೆ ದಿನಕ್ಕೆ 450 ಮಿ.ಲೀ. ಇದ್ದರೂ ತೆಗೆಯಬಹುದು ಅಂತ 2019ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಟ್ಯೂಬು ಬೇಗ ತೆಗೆದಷ್ಟೂ ನೋವು ಕಡಿಮೆ, ನಡಿಗೆ ಜಾಸ್ತಿ. ಹಾಗಂತ ಪಕ್ಕದ ಬೆಡ್ಡಿನವರದ್ದು ಬೇಗ ತೆಗೆದರು ಅಂತ ಹೋಲಿಸಬೇಡಿ. ಅವರ ಆಪರೇಷನ್ ಬೇರೆ, ನಿಮ್ಮದು ಬೇರೆ.

ತೆಗೆಯುವುದು ಹಾಸಿಗೆಯಲ್ಲೇ. ಮೊದಲು ನೋವಿನ ಔಷಧಿ ಕೊಡುತ್ತೇವೆ. ಪ್ಲಾಸ್ಟರ್ ಬಿಡಿಸಿ, ಹೊಲಿಗೆ ಕತ್ತರಿಸಿ, ಉಸಿರು ಹಿಡಿಯಲು ಹೇಳುತ್ತಾರೆ. ಕೆಲವರು ಎಳೆದು ಹಿಡಿಯಿರಿ ಅನ್ನುತ್ತಾರೆ, ಕೆಲವರು ಬಿಟ್ಟು ಹಿಡಿಯಿರಿ ಅನ್ನುತ್ತಾರೆ. ಉಸಿರು ಹಿಡಿದು ಸ್ವಲ್ಪ ತಿಣುಕಬೇಕು. ಆ ಕ್ಷಣದಲ್ಲಿ ಒಳಕ್ಕೆ ಉಸಿರೆಳೆದರೆ ಗಾಳಿ ನುಗ್ಗುತ್ತದೆ, ಅದಕ್ಕೇ ಒಂದೆರಡು ಸಲ ಸುಮ್ನೆ ಪ್ರಾಕ್ಟೀಸ್ ಮಾಡಿಸುತ್ತೇವೆ. ಟ್ಯೂಬು ಸರ್ ಅಂತ ಬರುತ್ತದೆ. ಒಂದು ಎಳೆತ, ಒಂದು ಉರಿ. ಮೊದಲೇ ಬಿಟ್ಟಿದ್ದ ದಾರ ಬಿಗಿದು ಗಂಟು ಹಾಕುತ್ತಾರೆ, ಮೇಲೆ ಗಾಳಿಯಾಡದ ಡ್ರೆಸ್ಸಿಂಗ್. ಆಮೇಲೆ ಇನ್ನೊಂದು ಎಕ್ಸ್‌ರೇ.

ಎಂಟು ದಿನ ಆಯ್ತು, ಇನ್ನೂ ಗುಳ್ಳೆ ನಿಂತಿಲ್ಲ. ಇಲ್ಲೇ ಇರಬೇಕಾ?

ಐದು ದಿನ ದಾಟಿದ ಸೋರಿಕೆಯನ್ನು ದೀರ್ಘ ಏರ್ ಲೀಕ್ ಅಂತ ಕರೆಯುತ್ತಾರೆ. ಬೀಡಿ ಸೇದಿ ಶ್ವಾಸಕೋಶ ಸವೆದವರಲ್ಲಿ, ಟಿಬಿ ಆದವರಲ್ಲಿ ಜಾಸ್ತಿ. ಆಪರೇಷನ್ ಕೆಟ್ಟಿತು ಅಂತ ಅರ್ಥ ಅಲ್ಲ. ಪೇಷೆಂಟ್ ಚೆನ್ನಾಗಿದ್ದರೆ ಟ್ಯೂಬಿನ ಜೊತೆಗೇ ಮನೆಗೆ ಕಳಿಸುವುದೂ ಉಂಟು. ಬಾಟಲಿಯ ಬದಲು ಒಂದೇ ಕಡೆ ಗಾಳಿ ಬಿಡುವ ಸಣ್ಣ ವಾಲ್ವ್ ಮತ್ತು ಚೀಲ ಹಾಕುತ್ತಾರೆ. ಗಂಟಲಲ್ಲಿ ತುತ್ತು ಸಿಕ್ಕಿದವರ ಹೊಟ್ಟೆ ಒತ್ತುವ ಉಪಾಯಕ್ಕೆ ಹೆಸರಾದ ಅಮೆರಿಕದ ಸರ್ಜನ್ ಹೆನ್ರಿ ಹೈಮ್ಲಿಕ್ ಮಾಡಿದ ವಾಲ್ವ್ ಇದು. ವಿಯೆಟ್ನಾಂ ಯುದ್ಧದಲ್ಲಿ ಗಾಯಾಳು ಸೈನಿಕರಿಗೆ ಬಳಕೆಯಾಯಿತು. ವಾಲ್ವ್ ಮೇಲೆ ಬಾಣದ ಗುರುತು ಇರುತ್ತದೆ. ಅದು ಎದೆಯಿಂದ ಆಚೆ ತೋರಿಸುತ್ತಿರಬೇಕು. ಉಲ್ಟಾ ಹಾಕಿದರೆ ಪ್ರಾಣಕ್ಕೇ ಅಪಾಯ. ಚೀಲದಲ್ಲಿ ಗಾಳಿ ಹೋಗಲು ತೂತು ಇರುತ್ತದೆ, ಸೋರುತ್ತದೆ ಅಂತ ಪ್ಲಾಸ್ಟರ್ ಹಚ್ಚಬೇಡಿ. ಡಿಸ್ಚಾರ್ಜ್ ಆಗುವ ಮೊದಲು ಚೀಲ ಖಾಲಿ ಮಾಡುವುದನ್ನು ನಮ್ಮೆದುರೇ ಒಮ್ಮೆ ಮಾಡಿ ತೋರಿಸಿ. ನಿಮ್ಮ ಊರಿನಿಂದ ಹತ್ತಿರದ ದೊಡ್ಡ ಆಸ್ಪತ್ರೆ ಎಷ್ಟು ದೂರ ಅನ್ನುವುದನ್ನೂ ಡಾಕ್ಟರಿಗೆ ಹೇಳಿ. ಆಗುಂಬೆಯ ಕಾಡಿನೊಳಗಿನ ಮನೆಗೂ ಮೈಸೂರಿನ ಮನೆಗೂ ಒಂದೇ ಸಲಹೆ ಆಗುವುದಿಲ್ಲ.

ಟ್ಯೂಬು ತೆಗೆದ ಮೇಲೆ ಮನೆಯಲ್ಲಿ ಏನು ನೋಡಬೇಕು?

ಡ್ರೆಸ್ಸಿಂಗ್ ಎರಡು ದಿನ ಹಾಗೇ ಇರಲಿ. ಹೊಲಿಗೆ ಬಿಚ್ಚಲು ವಾರ ಹತ್ತು ದಿನದಲ್ಲಿ ಹೇಳಿದ ದಿನ ಬನ್ನಿ. ಒಂದೆರಡು ದಿನ ಆ ಜಾಗದಿಂದ ತಿಳಿ ಹಳದಿ ನೀರು ಜಿನುಗಿ ಅಂಗಿ ಒದ್ದೆಯಾಗಬಹುದು. ಕೀವು, ಜ್ವರ, ಕೆಂಪಗೆ ಊದುವುದು ಇದ್ದರೆ ತೋರಿಸಿ. ದಿಢೀರ್ ಏದುಸಿರು, ಎದೆ ಚುಚ್ಚಿದ ಹಾಗೆ ನೋವು, ಕಫದಲ್ಲಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಪಕ್ಕೆಯಿಂದ ಹೊಟ್ಟೆಯ ಮೇಲ್ಭಾಗದವರೆಗೆ ಜೋಮು ಹಿಡಿದಂತೆ ಇರುವುದು ಕೆಲವರಿಗೆ ತಿಂಗಳುಗಟ್ಟಲೆ ಇರುತ್ತದೆ, ಅದು ಆ ನರದ ಮುನಿಸು.

ದುಬೈ, ಮಸ್ಕತ್‌ನಿಂದ ಬಂದು ಆಪರೇಷನ್ ಮಾಡಿಸಿಕೊಂಡವರು ವಿಮಾನದ ಟಿಕೆಟ್ ಬಗ್ಗೆ ಕೇಳುತ್ತಾರೆ. ಮೇಲೆ ಹೋದಂತೆ ಎದೆಯಲ್ಲಿ ಉಳಿದ ಗಾಳಿ ಹಿಗ್ಗುತ್ತದೆ. ಎಕ್ಸ್‌ರೇಯಲ್ಲಿ ಗಾಳಿ ಪೂರ್ತಿ ಹೋಗಿದೆ ಅಂತ ಕಂಡ ಮೇಲೂ ಕನಿಷ್ಠ ಒಂದು ವಾರ ಬಿಡಿ. ಆಪರೇಷನ್ ದೊಡ್ಡದಿದ್ದರೆ ಇನ್ನೂ ಜಾಸ್ತಿ ಬೇಕಾಗಬಹುದು. ಸರ್ಜನ್ ಸರಿ ಅಂದ ಮೇಲೆ ಟಿಕೆಟ್ ಮಾಡಿ.

ಆ ಮೂರು ಚೆಂಡಿನ ಡಬ್ಬ ಮನೆಗೆ ತಗೊಂಡು ಹೋಗಬಹುದಾ?

ಅದು ನಿಮ್ಮದೇ, ದುಡ್ಡು ಕೊಟ್ಟಿದ್ದೀರಿ. ಮನೆಯಲ್ಲೂ ಕೆಲವು ವಾರ ಮಾಡಿ. ಬಾಯಿಗೆ ಇಡುವ ಭಾಗವನ್ನು ದಿನಾ ತೊಳೆದು ಒಣಗಿಸಿ, ಮೊಮ್ಮಕ್ಕಳಿಗೆ ಎಟುಕದ ಕಡೆ ಇಡಿ. ಮೊನ್ನೆ ಚೆಕಪ್‌ಗೆ ಬಂದ ಆ ಅಜ್ಜ ಹೇಳಿದರು, "ನನಗೆ ಈಗ ಎರಡು ಚೆಂಡು ಏಳ್ತದೆ ಸಿಸ್ಟರ್. ನನ್ನ ಮೊಮ್ಮಗ ಬೆಳಗ್ಗೆಯಿಂದ ಊದ್ತಾನೇ ಇದ್ದಾನೆ, ಒಂದೂ ಎದ್ದಿಲ್ಲ."